ಪದ್ಮಮ್ನೋರ ಉಪ್ಪುನೀರಿನ ತೊಟ್ಟಿ

ಅವತ್ತು ಒತ್ತಾರೆ ಒಲೆ ಮುಂದೆ ಕುಂತು ಊದ್ತಾ ಇದ್ದೆ. ಸೌದೆ ಅಸಿ, ಕಣ್ಣೆಲ್ಲ ಉರಿ. ನಮ್ಮನೆಯವ್ರು ಸಕ್ರೆ ಫ್ಯಾಕ್ಟ್ರೀಲಿ ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಗೋಡೆ ಕಡೆ ಮಕ ಮಾಡ್ಕೊಂಡು ಬಿದ್ದಿದ್ರು. ಇತ್ಲು ಗೋಡೆ ಆಚೆಯಿಂದ ಸಣ್ಣ ದನೀಲಿ, "ಸಣ್ಣತಾಯಮ್ಮ, ಒಂದು ನಿಮಿಷ ಬಂದುಹೋಗ್ತೀಯೇನೇ?" ಅಂತ ಕೇಳಿಸ್ತು.

ಪಕ್ಕದ್ಮನೆ ಪದ್ಮಮ್ನೋರು. ಅಯ್ಯಂಗಾರ್ರು. ಗೋಡೆ ಮ್ಯಾಲಿಂದ ಕರಿಬೇವು ಕೊಡೋರು, ನಮ್ಮನೆ ನುಗ್ಗೇಕಾಯಿ ಈಸ್ಕೊಳೋರು, ನನ್ನ ಗಂಡನ ಕೆಮ್ಮಿಗೆ ಕಸಾಯ ಏಳ್ಕೊಡೋರು. ಆದ್ರೆ ಒಳಿಕೆ ಬಾ ಅಂತ ಒಂದಿನಾನೂ ಅಂದೋರಲ್ಲ. ಅವ್ರ ಮಡಿ ಅವ್ರಿಗೆ, ನಂಗೇನೂ ಬ್ಯಾಸ್ರ ಇರ್ನಿಲ್ಲ. ಅಂತೋರು ಕರುದ್ರು ಅಂದ್ರೆ ಏನೋ ಕೆಟ್ಟದ್ದೇ ಆಗಿರ್ಬೇಕು ಅಂತ ಊದೋ ಕೊಳವೆ ಬಿಸಾಕಿ ಎದ್ದೆ.

ನಡುಮನೇಲಿ ಗಾಜಿನ ತೊಟ್ಟಿ ಮುಂದೆ ನಿಂತವ್ರೆ, ಸೆರಗ ಮೂಗಿಗೆ ಅಡ್ಡ ಇಡ್ಕೊಂಡು. "ಅದನ್ನ ನೋಡು" ಅಂದ್ರು. ಅರಿಸ್ಣದ ಬಣ್ಣದ ಮೀನು, ಮೈಮ್ಯಾಲೆ ಕಪ್ಪು ಪಟ್ಟೆ, ಒಟ್ಟೆ ಮ್ಯಾಲಾಗಿ ತೇಲ್ತಿತ್ತು. ಮಿಕ್ಕವು ಒಂದು ಮೂಲೇಲಿ ಗುಂಪಾಗಿ ನಿಂತಿದ್ವು.

"ನಿದ್ದೆ ಮಾಡ್ತಿದೆಯೇನೇ?"

"ಇಲ್ಕಣ್ರವ್ವ, ಸತ್ತೋಗದೆ."

"ನಿನಗಾದ್ರೆ ಗೊತ್ತಾಗುತ್ತೆ ಅಂತ ಕರೆದೆ" ಅಂದ್ರು. ನಿಜ, ನಾವು ಗೌಡ್ರು. ನಮ್ಮಪ್ಪನ ಮನೆ ಮದ್ದೂರ ಪಕ್ಕ, ಶಿಂಷಾ ದಂಡೇಲಿ. ಮೀನು ಸಾರು ಉಂಡೇ ಬೆಳುದ್ದೋಳು. ಅಂಗಂತ ಮೀನಿಗೆ ನಾಡಿ ನೋಡೋಕೆ ನನ್ನ ಕರುದ್ರಲ್ಲ ಅಂತ ನಗಾನೂ ಬಂತು, ಒಲೆ ಆರೋಯ್ತಲ್ಲ ಅಂತ ಸಿಟ್ಟೂ ಬಂತು.

"ಬೇಗ ತೆಗೀಬೇಕಂತೆ ಕಣೇ. ಸತ್ತದ್ದು ನೀರಲ್ಲೇ ಕೊಳೆತರೆ ಆ ವಿಷ ಮಿಕ್ಕವಕ್ಕೂ ತಗಲುತ್ತಂತೆ. ರಾಮಾನುಜ ಹೇಳಿದ್ದಾನೆ. ಅವನು ನೋಡಿದ್ರೆ ಮೈಸೂರಲ್ಲಿ ಪೇಪರ್ ತಿದ್ದೋಕೆ ಹೋಗಿದ್ದಾನೆ. ನಾನು ಮುಟ್ಟಲಾರೆ."

ತೊಟ್ಟಿ ಪಕ್ಕ ಅವ್ರಣ್ಣನ ಮಗ, ಆ ರಾಮಾನುಜಯ್ನೋರು, ಒಂದು ಸಣ್ಣ ಕೈಬಲೆ ನೇತಾಕಿದ್ರು. ಅದ್ರಲ್ಲಿ ಎತ್ತಿ, ಅವ್ರು ಕೊಟ್ಟ ಬಾಳೆಲೆ ತುಂಡ್ನಾಗೆ ಸುತ್ತಿ, ನಮ್ಮನೆ ನುಗ್ಗೆ ಮರದ ಬುಡ್ದಲ್ಲಿ ಗುಂಡಿ ತೋಡಿ ಮಣ್ಣು ಮಾಡ್ದೆ. ನಮ್ಮಟ್ಟೀಲಾಗಿದ್ರೆ ಬಾಣ್ಲಿಗೆ ಓಗೋದು, ಇಲ್ಲಿ ನೆಂಟರ ಎಣ ಆಗೋಯ್ತು. ತಿರುಗಿ ನೋಡ್ತೀನಿ, ಪದ್ಮಮ್ನೋರು ಬಾವಿಕಟ್ಟೇಲಿ ಸೀರೆ ಸಮೇತ ನೀರು ಉಯ್ಕೋತಾ ಅವ್ರೆ.

"ಸೂತ್ಕ ಬತ್ತದಾ ಅಮ್ಮ?" ಅಂತ ಗೋಡೆ ಮ್ಯಾಲಿಂದ ಕೇಳ್ದೆ.

"ಗೊತ್ತಿಲ್ಲ ಕಣೇ. ಮೀನು ಸಾಕೋ ಅಯ್ಯಂಗಾರ್ರ ವಿಚಾರ ಯಾವ ಶಾಸ್ತ್ರದಲ್ಲೂ ಬರೆದಿಲ್ಲ" ಅಂದ್ರು. ನಗ್ನಿಲ್ಲ. ತಲೆಯಿಂದ ನೀರು ಸುರೀತಿತ್ತು, ಎದ್ದೇಳೋಕೂ ಆಗ್ದೋರಂಗೆ ಅಲ್ಲೇ ಕುಂತಿದ್ರು.

ಅವ್ರ ಕತೆ ಏಳ್ತೀನಿ. ಮೇಲುಕೋಟೇಲಿ ಉಟ್ಟಿದ್ದು. ಲಂಗ ಉಡೋ ವಯಸ್ನಲ್ಲಿ ಮದ್ವೆ, ಸೀರೆ ಉಡೋದ್ರೊಳಗೆ ಗಂಡ ಇಲ್ಲ. ಅವ್ನ ಮಕಾನೂ ಗ್ಯಾಪ್ಕ ಇಲ್ಲ ಅಂತಿದ್ರು. ಅಲ್ಲಿಂದಾಚೆಗೆ ಆವಮ್ಮ ಸೌಟು ಕೆಳಿಕೆ ಮಡಗಿದ್ದು ನಾ ಕಾಣೆ. ಮಂಡ್ಯದ ಅಣ್ಣನ ಮನೇಲಿ ಬಾಣಂತನ, ಮದ್ದೂರಿನ ತಮ್ಮನ ಮನೇಲಿ ಮುಂಜಿ, ಮಳವಳ್ಳೀಲಿ ಯಾರ್ಗೋ ಪಾರ್ಶ್ವವಾಯು. ಎಲ್ಲಿ ಕಷ್ಟವೋ ಅಲ್ಲಿಗೆ ಇವ್ರನ್ನ ಬಸ್ ಅತ್ತಿಸೋರು. ರಾಮಾನುಜಯ್ನೋರು ಆ ಮಂಡ್ಯದ ಅಣ್ಣನ ಮಗ. ತಾಯಿ ತೀರ್ಕಂಡ ಮ್ಯಾಲೆ ಈ ಅತ್ತೇನೇ ಸಾಕಿದ್ದು. ಅವ್ರು ಓದಿ, ದೊಡ್ಡಿ ಕಾಲೇಜ್ನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ನಮ್ಮ ಪಕ್ಕದ ಮನೆ ಬಾಡ್ಗೆಗೆ ಇಡುದ್ರು. ಕಾಗ್ದದಲ್ಲಿ ಭಾರತೀನಗರ ಅಂತ ಬರೀತಾರೆ, ನಮ್ಮ ಬಾಯಲ್ಲಿ ಅದು ದೊಡ್ಡೀನೇ. ಮೇಷ್ಟ್ರ ಜೊತೆ ಅತ್ತೇನೂ ಬಂದ್ರು.

ಆವಮ್ಮಂಗೆ ಒಂದೇ ಒಂದು ಆಸೆ. ಸೇತುಸ್ನಾನ. ರಾಮದೇವ್ರು ಲಂಕೆಗೆ ಓಗೋಕೆ ಸೇತುವೆ ಕಟ್ಟುದ್ನಲ್ಲ, ಆ ಸಮುದ್ರದಲ್ಲಿ ಒಂದ್ಸಲ ಮುಳುಗೇಳ್ಬೇಕು ಅಂತ. ಅವ್ರ ಅಣ್ಣಂದಿರು ಓಗ್ಬಂದ್ರು, ಅತ್ತಿಗೇರು ಓಗ್ಬಂದ್ರು, ಬೀಗರೂ ಓಗ್ಬಂದ್ರು. ಅಷ್ಟೂ ಜನಕ್ಕೆ ದಾರಿಗೆ ಪುಳಿಯೋಗರೆ ಕಲಸಿ ಕಟ್ಟಿಕೊಟ್ಟಿದ್ದು ಇವ್ರು. ಅವ್ರ ಮನೇಲಿ ಸಾಲಿಗ್ರಾಮ ಮಡಗವ್ರೆ. ಅದಕ್ಕೆ ದಿನಾ ನೀರೆರೆದು ಅನ್ನ ತೋರಿಸ್ಬೇಕು. ಬೀಗ ಆಕ್ಕೊಂಡು ಎಲ್ರೂ ಒಂಟೋಗಂಗಿಲ್ಲ, ಯಾರಾದ್ರೂ ಒಬ್ರು ನಿಲ್ಬೇಕು. ಆ ಒಬ್ರು ಯಾವಾಗ್ಲೂ ಪದ್ಮಮ್ನೋರೇ.

ಎಪ್ಪತ್ಮೂರನೇ ಇಸ್ವಿ ದಸರಾ ರಜದಲ್ಲಿ ಮೇಷ್ಟ್ರು ಉಡುಗ್ರನ್ನ ಕಟ್ಕೊಂಡು ಆ ಸೇತು ಕಡೇಗೇ ಟೂರು ಓದ್ರು. ಮಂಟಪಂ ಅಂತ ಊರಂತೆ, ಅಲ್ಲಿ ಸಮುದ್ರದ ಉಳ ಉಪ್ಪಟೆ ಎಲ್ಲ ನೋಡೋದು ಅವ್ರ ಪಾಠ. ಬರೋವಾಗ ಬಸ್ನಲ್ಲಿ, ಉಲ್ಲು ಸುತ್ತಿದ ದೊಡ್ಡ ದೊಡ್ಡ ಗಾಜಿನ ಬುರುಡೇಲಿ ಸಮುದ್ರದ ನೀರು ತುಂಬ್ಕೊಂಡು, ಜೀವಂತ ಮೀನೂ ತಂದ್ಬುಟ್ರು. ಕಾಲೇಜ್ನಲ್ಲಿ ಮಡಗೋಣ ಅಂದ್ರೆ ಸಾಯಂಕಾಲ ಜವಾನ ಮೈನ್ ಸ್ವಿಚ್ ಆರಿಸಿ ಬೀಗ ಜಡೀತಾನೆ. ಮೀನಿಗೆ ಗಾಳಿ ಬುಡೋ ಮಿಷನ್ನು ಅಗಲೂ ರಾತ್ರಿ ಓಡ್ಲೇಬೇಕು. ಅದಕ್ಕೆ ತೊಟ್ಟಿ ಮನೇಗೇ ಬಂತು, ಕಾಯೋ ಕೆಲ್ಸ ಅತ್ತೆ ತಲೆಗೇ ಬಂತು. ಅಯ್ಯಂಗಾರ್ರ ನಡುಮನೇಲಿ ಮೀನು. ಊರೋರೆಲ್ಲ ಬಾಯ್ ಬುಟ್ಕೊಂಡು ನೋಡ್ಕಂಡು ಓದ್ರು.

"ಈ ಬೇಸಿಗೆ ಒಂದು ದಾಟಿಸಿಬಿಡಿ ಅತ್ತೆ" ಅಂದಿದ್ರು ಮೇಷ್ಟ್ರು. "ಜೂನ್‌ನಲ್ಲಿ ಯೂನಿವರ್ಸಿಟಿಯಿಂದ ದೊಡ್ಡವರು ಬರ್ತಾರೆ. ಈ ಊರಲ್ಲಿ ಸಮುದ್ರದ ಮೀನು ಬದುಕಿರೋದು ಅವರ ಕಣ್ಣಿಗೆ ಬಿದ್ರೆ, ಈ ಸಲದ ದಸರೆಗೂ ಟೂರು ಒಪ್ತಾರೆ. ಆಗ ನಿಮ್ಮನ್ನೂ ಬಸ್ಸಲ್ಲಿ ಕೂರಿಸ್ಕೊಂಡು ಹೋಗ್ತೀನಿ. ಮನೇಗೆ ನನ್ನ ಹೆಂಡತಿಯ ತಾಯೀನ ಕರೆಸಿದ್ರಾಯ್ತು."

ಪದ್ಮಮ್ನೋರು ಇದನ್ನ ನಂಗೆ ಅದೆಷ್ಟು ಸಲ ಏಳಿದ್ರೋ. ಮೀನು ಬದುಕಿದ್ರೆ ಸೇತು, ಇಲ್ದಿದ್ರೆ ಇಲ್ಲ. ಅಷ್ಟೇ ಲೆಕ್ಕ ಅವ್ರಿಗೆ.

ಬಾಳ ಕಷ್ಟ ಬಿದ್ರು ಕಣ್ರಪ್ಪ. ಸಂತೇಲಿ ಒಣಸೀಗಡಿ ತಂದು ಕುಟ್ಟಿ ಪುಡಿ ಮಾಡಿ ಪೊಟ್ಣ ಕಟ್ಟಿ ಗೋಡೆ ಮ್ಯಾಲೆ ಮಡಗೋ ಕೆಲ್ಸ ನಂದು. ಅದನ್ನ ಅವ್ರು ಕೈ ಉದ್ದ ಮಾಡಿ, ಮಕ ಆ ಕಡೆ ತಿರುಗಿಸ್ಕೊಂಡು, ಒಂದು ಅಳೇ ಚಮಚದಲ್ಲಿ ಉದುರ್ಸೋರು. ಆಮೇಲೆ ಸ್ನಾನ. ಕರೆಂಟು ಓಯ್ತು ಅಂದ್ರೆ ಮಿಷನ್ನು ನಿಂತೋಗೋದು. ಆಗ ಚೊಂಬಲ್ಲಿ ತೊಟ್ಟಿ ನೀರು ಎತ್ತಿ ಎತ್ತಿ ಮ್ಯಾಲಿಂದ ಉಯ್ಯೋರು, ಗಾಳಿ ಸೇರ್ಲಿ ಅಂತ. ಆ ಬ್ಯಾಸ್ಗೇಲಿ ಕರೆಂಟು ಇದ್ದಿದ್ಕಿಂತ ಓಗಿದ್ದೇ ಜಾಸ್ತಿ. ಆಮೇಲೆ ತಿರ್ಗಾ ಸ್ನಾನ. ಮೀನಿನ ನೀರು ಮುಟ್ಟಿ ದೇವ್ರ ಒಲೆ ಮುಟ್ಟಂಗಿಲ್ವಲ್ಲ. ಮೇಷ್ಟ್ರ ಎಂಡ್ರು ಪಂಕಜಮ್ನೋರು ಬಾಣಂತನಕ್ಕೆ ತವರಿಗೆ ಓಗಿದ್ರು, ಮನೇಲಿ ಇವ್ರೊಬ್ರೇ. ಬಾವಿ ರಾಟೆ ಕಿರ್ರ್ ಅನ್ನೋದು ನಿಲ್ತಾನೇ ಇರ್ನಿಲ್ಲ. ಆ ಸದ್ದು ಕೇಳಿ ಕೇಳಿ ನಂಗೇ ತೋಳು ನೋಯೋದು.

ಮೊದಲ್ನೇದು ಸತ್ತು ಬಾಳ ದಿನ ಆಗಿರ್ನಿಲ್ಲ, ಕರಿಬೇವಿಗೆ ಅಂತ ಗೋಡೆ ತಾವ ನಿಂತಿದ್ದೆ. ಇತ್ಲ ಒಲೇಲಿ ದೊಡ್ಡ ತಪ್ಪಲೆ ಮಡಗಿ ಕಲ್ಲುಪ್ಪು ಕುದಿಸ್ತಾ ಅವ್ರೆ.

"ಉಪ್ಪಿನಕಾಯಿ ಆಕ್ತೀರಾ ಅಮ್ಮ?"

"ಅಲ್ವೇ, ಮೀನಿಗೆ. ಬಿಸಿಲಿಗೆ ತೊಟ್ಟಿ ನೀರು ದಿನಾ ಇಳೀತಿದೆ. ಕಡಿಮೆ ಆದ್ರೆ ಕಾಯಿಸಿ ಆರಿಸಿದ ನೀರು ಹಾಕಿ ಅಂದಿದ್ದಾನೆ ರಾಮಾನುಜ. ಬರೀ ನೀರು ಹೇಗೆ ಹಾಕ್ಲಿ? ಜಾಡೀಲಿ ರಸ ಇಳಿದ್ರೆ ಏನು ಮಾಡ್ತೀವಿ, ಉಪ್ಪುನೀರು ಕಾಯಿಸಿ ಆರಿಸಿ ತುಂಬ್ತೀವಿ. ಬರೀ ನೀರು ಸೋಕಿದ್ರೆ ಬೂಷ್ಟು ಹಿಡಿದು ಜಾಡೀನೇ ಹಾಳು. ಸಮುದ್ರದ ನೀರೂ ಹಾಗೇ ತಾನೇ?"

ನಂಗೂ ಸರಿ ಅನ್ನಿಸ್ತು. ಪದ್ಮಮ್ನೋರ ಉಪ್ಪಿನಕಾಯಿ ಕೈಗೆ ಎದುರಾಡೋರು ಮೂರೂ ತಾಲ್ಲೂಕಲ್ಲಿ ಇರ್ನಿಲ್ಲ. ವರ್ಸ ಕಳುದ್ರೂ ಮಿಡಿ ಕಟುಂ ಅಂತ ಮುರಿಯೋದು. ಯಾರ ಮನೇಲಿ ಮದ್ವೆ ಆದ್ರೂ ಮೊದ್ಲು ಜಾಡಿ ಇವ್ರತ್ರ ಬರೋದು. ಅಂತ ಕೈ ಉಪ್ಪಿನ ವಿಚಾರದಲ್ಲಿ ತಪ್ಪತದೆ ಅಂತ ಯಾರು ತಾನೆ ಅಂದ್ಕೊಂಡಾರು. ಮೀನು ಸತ್ತ ಮ್ಯಾಲಂತೂ, ಉಪ್ಪು ಕಮ್ಮಿ ಆಯ್ತೇನೋ ಅಂತ ಇನ್ನೊಂದು ಇಡಿ ಜಾಸ್ತಿ ಆಕಿ ಕುದಿಸ್ತಿದ್ರು.

ಆಮೇಲೆ ನೀಲಿದು ಓಯ್ತು. ಅದ್ರ ಇಂದೇ ಒಂದು ಕಂದುದು. "ಸಣ್ಣತಾಯಮ್ಮ" ಅನ್ನೋ ದನಿ ಬಂದ್ರೆ ಸಾಕು, ನಾನು ಏನು ಎತ್ತ ಅಂತ ಕೇಳ್ತಾನೇ ಇರ್ನಿಲ್ಲ, ಗುದ್ಲಿ ತಕ್ಕೊಂಡೇ ಎದ್ದೋಳು. ನನ್ನ ಗಂಡ, "ಅದೇನು ಅವ್ರ ಮನೆ ಮೀನಿಗೆಲ್ಲ ನೀನೇ ಮಗನೇನಮ್ಮಿ, ಮಣ್ಣಾಕೋಕೆ?" ಅಂತ ಆಡ್ಕೊಳೋನು. ನಾನೂ ಸಿಟ್ಟಾಗಿ, "ಇನ್ಮ್ಯಾಲೆ ಒಲೆ ಊದೋ ಪಾಳೀನೂ ನಿಂದೇ, ನಾನು ಅಲ್ಲಿ ಕೆಲ್ಸಕ್ಕೆ ಸೇರ್ಕೊಂಡಿವ್ನಿ" ಅಂದೆ. ಆದ್ರೆ ಒಳಗೊಳಗೇ ನಂಗೂ ಬಯ ಶುರುವಾಯ್ತು. ತೊಟ್ಟೀಲಿ ಉಳಿದಿದ್ದು ಒಂದೇ. ಮೊದಲ್ನೇದ್ರ ಜಾತೀದೇ, ಪಟ್ಟೆ ಇರೋದು, ಎಲ್ಲಕ್ಕಿಂತ ದೊಡ್ದು.

ಒಂದಿನ ತಡೀನಾರ್ದೆ ಅಂದ್ಬುಟ್ಟೆ. "ಅಮ್ಮ, ನಮ್ಮೂರ ಕೆರೇಲಿ ಬೇಕಾದಂಗೆ ಮೀನವೆ. ಒಂದು ಚೊಂಬ್ನಾಗೆ ತಂದು ಬುಡ್ತೀನಿ. ಬರೋ ದೊಡ್ಡೋರಿಗೆ ಏನು ಗೊತ್ತಾದದು?"

"ಸುಳ್ಳು ಹೇಳಿ ಸೇತುಗೆ ಹೋಗ್ಲೇನೇ?" ಅಂದ್ರು.

ಮೇ ತಿಂಗ್ಳು ಕೊನೇಲಿ ಮೇಷ್ಟ್ರು ಬರ್ತೀನಿ ಅಂತ ಏಳಿಕಳ್ಸಿದ್ರು. ಆವತ್ತು ಬೆಳಕರಿಯೋಕೂ ಮುಂಚೆ ಓದ ಕರೆಂಟು ಬರ್ಲೇ ಇಲ್ಲ. ನಾನು ಇತ್ಲಿಗೆ ಬಂದಾಗ ಕಿಟಕೀಲಿ ಕಾಣ್ತಾ ಇದ್ರು. ಚೊಂಬು ಎತ್ತೋದು, ಉಯ್ಯೋದು, ಎತ್ತೋದು, ಉಯ್ಯೋದು. ಕಾಫೀನೂ ಕುಡಿದಿರ್ನಿಲ್ಲ. "ಕೊಡ್ರಮ್ಮ ಇಲ್ಲಿ" ಅಂತ ನಾನೇ ಒಳಿಕೆ ನುಗ್ಗಿ ಚೊಂಬು ಕಿತ್ಕೊಂಡೆ. ಬ್ಯಾಡ ಅನ್ನೋಕೂ ಅವ್ರತ್ರ ತ್ರಾಣ ಇರ್ನಿಲ್ಲ. ನೆಲದ ಮ್ಯಾಲೆ ಕುಂತು ತೋಳು ನೀವ್ಕೊಳ್ತಾ, "ಸಾಕಾಗಿದೆ ಕಣೇ. ಇದೊಂದು ಉಳಿದ್ರೆ ಸಾಕು" ಅಂದ್ರು.

ಮೀನು ಒಂದು ಕಡೆ ವಾಲ್ಕೊಂಡು ಕಿವಿರು ಬಡೀತಾ ಇತ್ತು. ನಾನು ಉಯ್ತಾನೇ ಇದ್ದೆ. ಮೇಷ್ಟ್ರು ಬಾಗ್ಲಲ್ಲಿ ಚೀಲ ಇಳಿಸೋ ಒತ್ಗೆ ಅದು ತಳ ಮುಟ್ತು, ಆಮೇಲೆ ಮೆಲ್ಲಗೆ ಮ್ಯಾಲೆದ್ದು ಮಗ್ಲಾಯ್ತು.

ಮೇಷ್ಟ್ರು ಚಪ್ಲೀನೂ ಬಿಚ್ದೆ ಬಂದ್ರು. ತೊಟ್ಟಿ ಅಂಚಲ್ಲಿ ಬೆಳ್ಳಗೆ ಕಟ್ಟಿದ್ದನ್ನ ಉಗುರ್ನಲ್ಲಿ ಕೆರುದ್ರು. ಬೆರಳು ಅದ್ದಿ ನಾಲ್ಗೆಗೆ ಮಡಗಿ, ಮಕ ಇಂಡಿದ್ರು.

"ಅತ್ತೆ, ಇದಕ್ಕೆ ಉಪ್ಪು ಹಾಕಿದ್ರಾ?"

"ನೀರು ಇಳಿದಾಗೆಲ್ಲ ಹಾಕಿದೆನಪ್ಪ. ಕಾಯಿಸಿ, ಆರಿಸಿ, ಸೋಸಿ. ಒಂದು ದಿನಾನೂ ತಪ್ಪಿಸಿಲ್ಲ."

ಮೇಷ್ಟ್ರು ಅಲ್ಲೇ ಕುಂತ್ಕೊಂಡ್ರು. "ಬಿಸಿಲಿಗೆ ಬರೀ ನೀರು ಹೋಗುತ್ತೆ ಅತ್ತೆ. ಉಪ್ಪು ಹೋಗಲ್ಲ, ತೊಟ್ಟೀಲೇ ಉಳಿಯುತ್ತೆ. ಅದರ ಮೇಲೆ ನೀವು ಮತ್ತೆ ಮತ್ತೆ ಹಾಕಿದ್ದೀರಿ. ಬರೀ ಸೀನೀರು ಹಾಕಿದ್ರೆ ಸಾಕಿತ್ತು."

"ಜಾಡೀಲಿ..." ಅಂದ್ರು ಪದ್ಮಮ್ನೋರು.

"ಜಾಡೀಲಿ ರಸಾನ ಮಿಡಿ ಕುಡಿಯುತ್ತೆ, ಉಪ್ಪೂ ಅದರ ಜೊತೆ ಹೋಗುತ್ತೆ. ಇಲ್ಲಿ ಕುಡಿದಿದ್ದು ಗಾಳಿ."

ಮೇಷ್ಟ್ರು ಬಯ್ನಿಲ್ಲ. "ಹೋಗ್ಲಿ ಬಿಡಿ, ನಾನೇ ಸರಿಯಾಗಿ ಹೇಳ್ಬೇಕಿತ್ತು" ಅಂದ್ರು. ಒಳ್ಳೇ ಮನ್ಸ ಆತ. ಅದೇ ಕಷ್ಟ ಆಗಿದ್ದು. ಬಯ್ದಿದ್ರೆ ಆವಮ್ಮ ಒಸಿ ಅತ್ತಾದ್ರೂ ಅಗುರಾಗೋರು.

"ಹಾಗಾದ್ರೆ ಟೂರು?" ಅಂತ ಕೇಳಿದ್ರು ಪದ್ಮಮ್ನೋರು.

"ನೋಡೋಣ ಅತ್ತೆ, ಮುಂದೆ ಯಾವಾಗಲಾದ್ರೂ" ಅಂದು, ಮೇಷ್ಟ್ರು ಕಾಲೇಜಿಗೆ ಓದ್ರು. ತೊಟ್ಟಿ ಖಾಲಿ ಮಾಡಿ ತೊಳ್ದು ಮಡಗಿ ಅಂತ ಏಳೋದು ಮಾತ್ರ ಮರೀನಿಲ್ಲ.

ದೊಡ್ಡದನ್ನೂ ನುಗ್ಗೆ ಮರದ ಬುಡಕ್ಕೆ ಆಕ್ಬಂದೆ. ಆಮೇಲೆ ನಾನೂ ಅವ್ರೂ ಸೇರಿ ತೊಟ್ಟಿ ನೀರನ್ನ ಬಕೀಟಿಗೆ ಮೊಗ್ದು ಮೊಗ್ದು ಇತ್ಲಿಗೆ ಸಾಗ್ಸಿದ್ವಿ. ನಾನು ಮೊದಲ್ನೇ ಬಕೀಟು ಎತ್ತಿ ಬಚ್ಚಲ ಮೋರಿಗೆ ಸುರೀಬೇಕು, "ತಡಿಯೇ" ಅಂದ್ರು.

"ಯಾಕಮ್ಮ?"

"ಅದು ಅಲ್ಲಿಯ ನೀರು ಅಲ್ವೇನೇ. ಸೇತು ಹತ್ತಿರದ್ದು."

ನಂಗೆ ತಿಳೀನಿಲ್ಲ. ಅವ್ರು ಬಟ್ಟೆ ಒಗೆಯೋ ಕಲ್ಲಿನ ಮ್ಯಾಲೆ ಮೂಡಲಿಗೆ ಮಕ ಮಾಡಿ ಕುಂತು, ಸೆರಗ ಸೊಂಟಕ್ಕೆ ಸಿಗಿಸ್ಕೊಂಡ್ರು. "ತಲೆ ಮೇಲೆ ಹುಯ್ಯಿ" ಅಂದ್ರು.

"ಅಮ್ಮ, ಮೀನು ಸತ್ತಿರೋ ನೀರು ಕಣ್ರವ್ವ ಇದು. ನಾನು ಬ್ಯಾರೆ ಮುಟ್ಟಿವ್ನಿ."

"ಸಮುದ್ರದಲ್ಲಿ ಮೀನು ಸಾಯಲ್ವೇನೇ? ಅಲ್ಲಿ ಯಾರ್ಯಾರು ಮುಟ್ಟಿರ್ತಾರೋ ಕೇಳ್ಕೊಂಡು ಮುಳುಗ್ತಾರೇನು? ಮಡಿ ನನಗೆ ಹೇಳಿಕೊಡಬೇಡ, ಹುಯ್ಯಿ."

"ಇವತ್ತು ಮಂಗಳವಾರ," ಅಂದೆ. ಸಮುದ್ರಸ್ನಾನಕ್ಕೆ ದಿನ ನೋಡ್ಬೇಕು ಅಂತ ಅವ್ರೇ ಒಂದಪ ಏಳಿದ್ರು.

"ಸೇತುಗೆ ದಿನ ವಾರ ನೋಡೋದಿಲ್ಲ. ಯಾವತ್ತು ಸಿಗುತ್ತೋ ಅವತ್ತೇ."

ಉಯ್ದೆ. ಕೈ ಮುಗ್ದು, ಕಣ್ಮುಚ್ಚಿ, ಏನೋ ಮಂತ್ರ ಏಳ್ಕೋತಾ ಕುಂತಿದ್ರು. ಊರ ಎಸ್ರು, ಒಳೆ ಎಸ್ರು ಏನೇನೋ ಬಂತು, ಕೊನೇಲಿ ಅವ್ರ ಗಂಡನ ಗೋತ್ರವೋ ಏನೋ. ನಾನು ಬಕೀಟಿನ ಮ್ಯಾಲೆ ಬಕೀಟು ಉಯ್ತಾನೇ ಇದ್ದೆ. ಆ ಉಪ್ಪುನೀರು ಕಣ್ಣಿಗಿಳಿದು ಕೆಂಪಾದ್ರೂ ಒರಸ್ಕೊಳ್ನಿಲ್ಲ. ಅಷ್ಟೊಂದು ಜನಕ್ಕೆ ಬುತ್ತಿ ಕಟ್ಟಿದ ಎಂಗ್ಸು, ಕಡೇಗೆ ಬಟ್ಟೆ ಕಲ್ಲಿನ ಮ್ಯಾಲೆ ಸೇತುಸ್ನಾನ ಮಾಡ್ತಾಳಲ್ಲ ಅಂತ ಎಲ್ಲರ ಮ್ಯಾಲೂ ಸಿಟ್ಟು ಬಂತು. ಬಾಯ್ತುಂಬ ಬಯ್ಬೇಕು ಅನ್ನಿಸ್ತು, ಯಾರನ್ನ ಬಯ್ಯೋದು ಅಂತ ಗೊತ್ತಾಗ್ನಿಲ್ಲ.

ಮುಗಿದ ಮ್ಯಾಲೆ ಬಾವಿ ನೀರು ಸೇದಿ ಕೊಡ್ಲಾ ಅಂದೆ. ಬ್ಯಾಡ ಅಂದ್ರು. ದಿನಾ ಮೀನಿನ ನೀರು ಒಂದು ಅನಿ ಸಿಡುದ್ರೂ ಮೀಯೋರು, ಅವತ್ತು ಅಂಗೇ ಎದ್ದು ಒಳಿಕೆ ಓಗಿ ಒಣಗಿದ ಸೀರೆ ಉಟ್ಟು ಸಾಲಿಗ್ರಾಮಕ್ಕೆ ಅನ್ನ ಮಡಗಿದ್ರು. ಸಾಯಂಕಾಲ ಗೋಡೆ ಮ್ಯಾಲೆ ಕರಿಬೇವು ಕೊಡೋವಾಗ ಅವ್ರ ಮೊಣಕೈ ತಾವ ಉಪ್ಪು ಬೆಳ್ಳಗೆ ಒಣಗಿತ್ತು.

ಜೂನ್ನಲ್ಲಿ ದೊಡ್ಡೋರು ಬಂದ್ರಂತೆ. ಮದ್ದೂರು ವಡೆ ತರಿಸಿದ್ರು, ತಿಂದು ಕಾಫಿ ಕುಡುದ್ರು, ರುಜು ಆಕಿ ಓದ್ರು. ಮೀನಿನ ಸುದ್ದಿ ಯಾರೂ ಎತ್ನೇ ಇಲ್ವಂತೆ. ಟೂರು ಮಂಜೂರಾಯ್ತು. ದಸರೆ ಒತ್ಗೆ ಪಂಕಜಮ್ನೋರು ಕೂಸು ಎತ್ಕೊಂಡು ಬಂದಿದ್ರು. ಕೂಸಿಗೆ ಎಣ್ಣೆ ಒತ್ತೋದು, ನೀರುಯ್ಯೋದು, ಎಲ್ಲ ಪದ್ಮಮ್ನೋರೇ. ಅವ್ರೂ ಬರ್ತಾರಾ ಅಂತ ಯಾರೂ ಕೇಳ್ನಿಲ್ಲ. ಅವ್ರೂ ಕೇಳ್ನಿಲ್ಲ. ಟೂರಿನ ಇಂದ್ಲ ದಿನ ಕುಂತು ಉಡುಗ್ರಿಗೆಲ್ಲ ಪುಳಿಯೋಗರೆ ಕಲಸಿ ಕಟ್ಟಿದ್ರು. ಕೈಯಾಡಿಸೋಕೂ ಶಕ್ತಿ ಇಲ್ದೆ ನಡುನಡುವೆ ನಿಲ್ಲಿಸೋರು, ತಿರ್ಗಾ ಕಲಸೋರು.

ಬಸ್ಸು ರಸ್ತೇಲಿ ನಿಂತಿತ್ತು. ಮೇಷ್ಟ್ರು ಕಾಲಿಗೆ ಬಿದ್ದು ಎದ್ದು, ಏನು ಗ್ಯಾಪ್ಕ ಬಂತೋ ಏನೋ, ತಲೆ ತಗ್ಗಿಸ್ಕೊಂಡೇ, "ಅಲ್ಲಿಂದ ನಿಮಗೆ ಏನು ತರ್ಲಿ ಅತ್ತೆ?" ಅಂದ್ರು.

ಪದ್ಮಮ್ನೋರು ಕೂಸನ್ನ ಎಗಲು ಬದಲಾಯಿಸ್ಕೊಂಡ್ರು.

"ಏನೂ ಬೇಡಪ್ಪ," ಅಂದ್ರು. "ಮೀನು ಮಾತ್ರ ತರಬೇಡ."